ಜುಂಜಪ್ಪ ವಕೀಲರನ್ನು ಬಿಟ್ಟದ್ದು

ಚನ್ನಗಿರಿಯ ಕೋರ್ಟಿನ ಎದುರಿದ್ದ ಕಾಫಿ ಕ್ಲಬ್ಬಿನ ಬಾಗಿಲಲ್ಲಿ ಜುಂಜಪ್ಪ ನಿಂತಲ್ಲೇ ನಿಂತುಬಿಟ್ಟ. ಒಳಗೆ ಬೆಂಚಿನ ಮೇಲೆ ಕೂತು ಅವನ ವಕೀಲರಾದ ಮರುಳಸಿದ್ದಪ್ಪನವರು ತಮ್ಮ ದೋಸೆಯನ್ನು ಅರ್ಧ ಮುರಿದು ಪಕ್ಕದಲ್ಲಿದ್ದ ರೇವಣ್ಣನವರ ಎಲೆಗೆ ಹಾಕುತ್ತಿದ್ದರು. ರೇವಣ್ಣನವರೆಂದರೆ ಎದುರು ಪಕ್ಷದ ವಕೀಲರು. ಜುಂಜಪ್ಪನ ಒಡಹುಟ್ಟಿದ ತಮ್ಮ ಗೋಣೆಪ್ಪ ಇಟ್ಟುಕೊಂಡವರು. ಅಪ್ಪ ತೋಡಿಸಿದ ಬಾವಿಯಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುವ ಸರದಿ ಯಾವ ದಿನ ಅಣ್ಣನದು, ಯಾವ ದಿನ ತಮ್ಮನದು ಎಂಬ ವಿಚಾರಕ್ಕೆ ಇದೇ ಇಬ್ಬರೂ ಈಗಷ್ಟೇ ಮುನಸೀಫರ ಮುಂದೆ ಮೇಜು ಗುದ್ದಿ, ಹೆಂಚು ಹಾರಿಹೋಗುವ ಹಾಗೆ ಕೂಗಾಡಿದ್ದರು. ಆಗ ಜುಂಜಪ್ಪನ ಎದೆ ಉಬ್ಬಿತ್ತು. ವಕೀಲ ಅಂದರೆ ಹೀಗಿರಬೇಕು ಅಂದುಕೊಂಡಿದ್ದ.

ಅವನ ಊರು ಕತ್ತಲಗೆರೆಯಲ್ಲಿ ಎರಡು ಮನೆಗಳ ನಡುವೆ ವ್ಯಾಜ್ಯ ಬಿತ್ತೆಂದರೆ ಬೆಂಕಿ, ನೀರು ಎರಡೂ ನಿಂತ ಹಾಗೆ. ಆ ಮನೆಯ ಕೆಂಡ ಈ ಮನೆಯ ಒಲೆಗೆ ಬರುವುದಿಲ್ಲ, ಈ ಮನೆಯವರು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ. ನಮ್ಮವನು ಅನ್ನಿಸಿಕೊಂಡವನು ಎದುರು ಪಕ್ಷದವರ ಜತೆ ಕೂತು ಉಂಡನೆಂದರೆ ಅವನು ಅವರ ಕಡೆಗೆ ಸೇರಿದ ಅಂತಲೇ ಅರ್ಥ. ಇದರಲ್ಲಿ ಯೋಚನೆ ಮಾಡುವಂಥದ್ದೇನೂ ಜುಂಜಪ್ಪನಿಗೆ ಕಾಣಲಿಲ್ಲ. ಊರಿಗೆ ಹೋಗುವ, ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ತಪ್ಪಿದರೆ ತಪ್ಪಲಿ ಎಂದು ನೆಟ್ಟಗೆ ವಕೀಲರ ಮನೆಗೆ ಹೋಗಿ ಜಗಲಿಯ ಮೇಲೆ ಕೂತ.

ವಕೀಲರು ಕರಿ ಕೋಟಿನ ಗುಂಡಿ ಬಿಚ್ಚುತ್ತಾ ಬಂದರು.

“ಏನಪ್ಪಾ ಜುಂಜಪ್ಪ, ಊರಿಗೆ ಹೋಗಲಿಲ್ವಾ?”

“ನಿಮ್ಮ ವಕಾಲತ್ತು ನಂಗೆ ಬ್ಯಾಡ್ರೀ ಸ್ವಾಮಿ. ಬಿಟ್ಟುಬಿಡ್ರಿ.”

“ಯಾಕೋ? ಇವತ್ತು ಚೆನ್ನಾಗೇ ನಡೀತಲ್ಲ!”

“ನಡೀತು. ಆಮ್ಯಾಲೆ ನೀವು ಆ ರೇವಣ್ಣೋರಿಗೆ ದ್ವಾಸೆ ಮುರಿದು ಕೊಟ್ರಿ. ನಾನೇ ಕಣ್ಣಾರೆ ಕಂಡೆ.”

ವಕೀಲರಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಮಾರಾಯ, ರೇವಣ್ಣ ನನ್ನ ಬೀಗ ಕಣೋ. ಅವನ ಮಗಳು ನಮ್ಮನೆ ಸೊಸೆ. ಒಳಗಿನ ಜಗಳ ಒಳಗೆ. ಹೊರಗೆ ಬಂದಮೇಲೆ ನಮಗ್ಯಾವ ಜಗಳ?”

“ಹಂಗಾರೆ ಒಳಗೆ ಕೂಗಾಡಿದ್ದು ಸುಳ್ಳೇನ್ರೀ?”

“ಸುಳ್ಳು ಯಾಕಾಗುತ್ತೆ? ಅದೂ ನಿಜ, ಇದೂ ನಿಜ.”

ಜುಂಜಪ್ಪನ ತಲೆ ಗಿರ್ರೆಂದಿತು. ಮೋಸಗಾರನಾದರೆ ಬೈದು ಎದ್ದು ಬರಬಹುದು. ಈ ಮನುಷ್ಯ ಮುಚ್ಚುಮರೆ ಇಲ್ಲದೆ ನಗುನಗುತ್ತಾ ಹೇಳುತ್ತಿದ್ದಾರೆ. ಬೈಯುವುದಕ್ಕೆ ಅಂತ ಬಾಯಿ ತೆರೆದರೆ ಬೇರೆಯೇ ಮಾತು ಬಂತು.

“ಹ್ವಾದ ಬ್ಯಾಸಗೆಯಾಗೆ ನನ್ನ ತಮ್ಮನ ಮಗಳ ಮದುವೆ. ಹೋಗಾಕೆ ಅಡ್ಡಿ ಏನಾರ ಐತೇನ್ರೀ ಅಂತ ನಿಮ್ಮನ್ನ ಕೇಳಿದ್ದೆ. ಏನಂದ್ರಿ?”

ವಕೀಲರ ನಗು ನಿಂತಿತು. “ಹೋಗಬೇಡ ಅಂದೆ. ಹೋದರೆ ರಾಜಿ ಆದ ಹಾಗೆ ಕಾಣುತ್ತೆ, ಕೇಸು ಸಡಿಲ ಆಗುತ್ತೆ ಅಂದೆ.”

“ನಾನು ಎತ್ತಿ ಆಡಿಸಿದ ಕೂಸು ಸ್ವಾಮಿ ಅದು. ಗ್ವಾಡೆ ಆಚೆಗೆ ವಾಲಗ ಊದ್ತಿದ್ರೆ ನಾನು ಈಚೆಗೆ ಕದ ಹಾಕ್ಕಂಡು ಕುಂತಿದ್ದೆ. ನಮ್ಮನೆಯಾಕೆ ಅವತ್ತು ಒಲೇನೇ ಹಚ್ಚಲಿಲ್ಲ. ನೀವು ನೋಡಿದ್ರೆ ಬೀಗರ ಕೂಡೆ ಕುಂತು ತಿಂತೀರಿ.”

ವಕೀಲರು ಬಿಚ್ಚಿದ ಕೋಟನ್ನು ಗೂಟಕ್ಕೆ ತಗುಲಿಹಾಕಿದರು. “ನೀನು ಕೇಸಿನ ಮಾತು ಕೇಳಿದೆ, ನಾನು ಕೇಸಿನ ಮಾತು ಹೇಳಿದೆ. ತಪ್ಪೇನೂ ಹೇಳಲಿಲ್ಲ ಜುಂಜಪ್ಪ.”

“ತಪ್ಪು ಅಂತ ನಾನೂ ಅನ್ನಲ್ರೀ. ಏನನ್ನಬೇಕೋ ತಿಳೀವಲ್ದು. ಬಿಟ್ಟುಬಿಡ್ರಿ, ಅಷ್ಟೇ.”

“ಆಯ್ತು. ನಾಳೆ ಕೋರ್ಟಿಗೆ ಬರೆದುಕೊಡ್ತೀನಿ. ಇನ್ನು ಯಾರನ್ನ ಇಟ್ಕೋತೀಯ?”

ಜುಂಜಪ್ಪನಿಗೆ ಅದೂ ಗೊತ್ತಿರಲಿಲ್ಲ. ಕೈ ಮುಗಿದು ಜಗಲಿ ಇಳಿದ. ಹಿಂದಿನಿಂದ ವಕೀಲರು, “ಹೊತ್ತಾಯ್ತು, ಊಟ ಮಾಡ್ಕೊಂಡು ಹೋಗೋ” ಎಂದು ಕೂಗಿದರು. ಇವನು ಇನ್ನಷ್ಟು ತಬ್ಬಿಬ್ಬಾದ. ಈಗತಾನೇ ಬಿಟ್ಟುಬಂದವರ ಮನೆಯಲ್ಲಿ ಉಣ್ಣಬಹುದೋ ಬಾರದೋ? ಹೂಂ ಅಂತಲೂ ಅಲ್ಲದ, ಊಹೂಂ ಅಂತಲೂ ಅಲ್ಲದ ರೀತಿಯಲ್ಲಿ ತಲೆ ಆಡಿಸಿ ಬಿರಬಿರನೆ ನಡೆದ.

ಬಸ್ಸು ಹೋಗಿತ್ತು. ಮೆಣಸಿನಕಾಯಿ ಹೇರಿದ್ದ ಗಾಡಿಯೊಂದು ಊರ ಕಡೆಗೆ ಸಿಕ್ಕಿತು. ದಾರಿಯುದ್ದಕ್ಕೂ ಅವನು ಸೀನಿದ, ಯೋಚಿಸಿದ, ಮತ್ತೆ ಸೀನಿದ. ಸಿಟ್ಟು ವಕೀಲರ ಮೇಲೋ, ತಮ್ಮನ ಮೇಲೋ, ತನ್ನ ಮೇಲೋ ಒಂದೂ ಬಗೆಹರಿಯಲಿಲ್ಲ. ತಾನೇ ಎತ್ತಿ ಆಡಿಸಿದ ಮಗುವಿನ ಮದುವೆಗೆ ಹೋಗಲಾ ಎಂದು ಊರ ಹೊರಗಿನ ಒಬ್ಬರನ್ನು ಕೇಳಿದವನು ತಾನೇ ಅಲ್ಲವೇ ಎಂದು ನೆನಪಾದಾಗ ಮಾತ್ರ ಅವನಿಗೆ ನಾಚಿಕೆಯಾಯಿತು. ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕಾಲು ತನ್ನ ಮನೆಯ ಬಾಗಿಲು ದಾಟಿ ಪಕ್ಕದ ತಮ್ಮನ ಮನೆಯ ಬಾಗಿಲಿಗೆ ಹೋಯಿತು.

ಎತ್ತಿಗೆ ಹುಲ್ಲು ಹಾಕುತ್ತಿದ್ದ ಗೋಣೆಪ್ಪ ಅಣ್ಣನನ್ನು ಕಂಡು ಗಕ್ಕನೆ ನಿಂತ.

“ನಾನು ವಕೀಲರನ್ನ ಬಿಟ್ಟುಬಂದೆ ಕಣೋ” ಅಂದ ಜುಂಜಪ್ಪ.

“ಯಾಕೆ? ಶಿವಮೊಗ್ಗೆಯ ದೊಡ್ಡ ವಕೀಲರನ್ನ ಇಟ್ಟೆಯಾ?”

“ಯಾರನ್ನೂ ಇಟ್ಟಿಲ್ಲ. ಗೋಣೆಪ್ಪಾ, ಒಳಗೆ ಬರ್ಲೇನೋ?”

ಗೋಣೆಪ್ಪನ ಕಣ್ಣು ತುಂಬಿ ಬಂತು. ಅಣ್ಣನನ್ನು ನೋಡಿದ, ತೆರೆದಿದ್ದ ಬಾಗಿಲನ್ನು ನೋಡಿದ. ‘ಬಾ’ ಅನ್ನುವ ಮಾತು ತುಟಿಯವರೆಗೂ ಬಂದದ್ದು ಜುಂಜಪ್ಪನಿಗೇ ಕಾಣಿಸಿತು. ಆದರೆ ತಮ್ಮ ಅದನ್ನು ನುಂಗಿಕೊಂಡು, ಏನು ಮಾಡಲೂ ತೋಚದವನಂತೆ ಮೆಲ್ಲಗೆ ಅಂದ:

“ಇರಣ್ಣಾ. ನಮ್ಮ ವಕೀಲರನ್ನ ಒಂದು ಮಾತು ಕೇಳಿ ಹೇಳ್ತೀನಿ.”