ಆರನೆಯ ಕಿಟಕಿ

ಲೆಕ್ಕದ ವಿಶಾಲಾಕ್ಷಿ ಟೀಚರ್ ತೀರಿಕೊಂಡು ವರ್ಷವಾದರೂ ಅವರನ್ನು ಕೇಳಲು ಬರುವ ಮಕ್ಕಳು ಕಡಿಮೆಯಾಗಿರಲಿಲ್ಲ. ಒಬ್ಬರೇ ಸಾಲುವುದಿಲ್ಲವೆಂದು, ತೀರಿಕೊಂಡವರನ್ನು ಪರದೆಯ ಮೇಲೆ ಮಾತಾಡಿಸುವ ನೆನಪಿನ ಕಚೇರಿಯವರು ಅವರನ್ನು ಮೊದಲ ದಿನವೇ ಏಳು ಕಿಟಕಿಗಳಲ್ಲಿ ಕೂರಿಸಿದ್ದರು. ಒಂದು ಕಿಟಕಿಯ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ.

ಗಂಡ ರುದ್ರಯ್ಯ ಗುರುವಾರ ತಪ್ಪದೆ ನಾಲ್ಕನೆಯದಕ್ಕೇ ಬರುತ್ತಿದ್ದರು. ಅವರು ಹೊರಡಲು ಏಳುವಾಗ ಅವಳು “ಹೋಗಿ ಬನ್ನಿ” ಎನ್ನುತ್ತಿದ್ದಳು. ಆ ಮಾತಿಗೆ ಕಟ್ಟುಬಿದ್ದು ಮತ್ತೆ ಬರುತ್ತಿದ್ದರು.

ಇಂದು ಚೀಟಿ ಕೊಡುವ ಹೆಂಗಸು ಆರನೆಯದಕ್ಕೆ ಕಳಿಸಿದಳು.

“ನಾಲ್ಕೇ ಬೇಕಮ್ಮ. ನನ್ನ ವಿಷಯವೆಲ್ಲ ಅವಳಿಗೇ ಗೊತ್ತು.”

“ಅಲ್ಲಿ ಪರೀಕ್ಷೆ ಮಕ್ಕಳು ತುಂಬ್ಕೊಂಡಿದಾರೆ ಯಜಮಾನ್ರೇ. ಎಲ್ಲಾ ಕಡೆ ಇರೋದು ಟೀಚರೇ ಅಲ್ವಾ? ರಶ್ ಕಮ್ಮಿ ಇರೋ ಕಡೆ ಹೋಗಿ.”

ರುದ್ರಯ್ಯ ಮುನಿಸಿಕೊಂಡೇ ಹೋಗಿ ಕೂತರು. ಪರದೆಯ ಮೇಲೆ ವಿಶಾಲಾಕ್ಷಿ ಕನ್ನಡಕ ತೆಗೆದು ಅವರನ್ನೇ ನೋಡಿದಳು.

“ಊರ ಮಕ್ಕಳೆಲ್ಲ ಬಂದ್ರು. ನಿಮಗೆ ಇವತ್ತು ಪುರುಸೊತ್ತಾಯ್ತಾ?”

ವಾರವಾರವೂ ಬಂದಿದ್ದೆ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

“ತಡ ಆಯ್ತು ಕಣೇ,” ಎಂದರು.

ಏಳುವಾಗ ಇವಳೂ “ಹೋಗಿ ಬನ್ನಿ” ಎಂದಳು.

ಹೊರಗೆ ಬಂದು ರುದ್ರಯ್ಯ ಚೀಟಿಯವಳ ಮುಂದೆ ಹೋಗಿ ನಿಂತರು.

“ಇನ್ನೂ ಐದು ಕಡೆ ಕಾಯ್ತಿದಾಳಮ್ಮ. ಬರೋ ವಾರ ಒಂದನೇದಕ್ಕೆ ಹಾಕು.”