ನಗು ಮರೆತ ಗಿಳಿ

ಯಾರೋ ಗಿಳಿಯನ್ನು ಹಿಂಸಿಸುತ್ತಿದ್ದಾರೆ. ಪಂಜರದ ತಟ್ಟೆಯಿಂದ ಹಸಿರು ಪುಕ್ಕಗಳನ್ನು ಹೆಕ್ಕುತ್ತಾ ಕುಳಿತವಳಿಗೆ ಹಾಗನ್ನಿಸಿತು. ಆ ಮನೆಯಲ್ಲಿದ್ದವರು ಇಬ್ಬರೇ. ಅವಳು, ಅವಳ ಗಂಡ.

ಅಮೆಜಾನ್ ಗಿಳಿ. ಮೈಯೆಲ್ಲ ಹಸಿರು, ಹಣೆಯ ಮೇಲಷ್ಟೇ ಹಳದಿ. ಹಕ್ಕಿಗಳ ಆಶ್ರಯ ಕೇಂದ್ರದಿಂದ ಅದನ್ನು ತಂದು ಬಹಳ ದಿನವೇನೂ ಆಗಿರಲಿಲ್ಲ. ಸಾಲು ಪಂಜರಗಳ ನಡುವೆ ಇದೊಂದೇ ಅವಳನ್ನು ಕಂಡು ಗಹಗಹಿಸಿ ನಕ್ಕಿತ್ತು. ಹಿಂದಿನ ಯಜಮಾನ ದೊಡ್ಡ ನಗೆಗಾರನಂತೆ. ಅವನು ಹೋದ ಮೇಲೆ ಆ ನಗು ಇದರ ಪಾಲಿಗೆ ಉಳಿದಿತ್ತು.

ಅವಳ ಮನೆಯಲ್ಲಿ ಯಾರೂ ನಕ್ಕು ವರ್ಷವಾಗಿತ್ತು. ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. "ಜೀವ ಇರೋದು ಏನಾದ್ರೂ ಮನೇಲಿರಲಿ ಕಣೇ, ಇಲ್ದಿದ್ರೆ ನೀನೂ ಉಳಿಯಲ್ಲ," ಎಂದು ಅಕ್ಕನೇ ಅವಳನ್ನು ಅಲ್ಲಿಗೆ ಎಳೆದುಕೊಂಡು ಹೋಗಿದ್ದಳು.

ಹಕ್ಕಿಯನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಬರೀ ಸೂರ್ಯಕಾಂತಿ ಬೀಜಕ್ಕೆ ಹಠ ಹಿಡಿದರೆ ಮುದ್ದು ಮಾಡುತ್ತಲೇ ಕ್ಯಾರೆಟ್ಟು, ಸೊಪ್ಪು ತಿನ್ನಿಸಿದಳು. ನಾನ್‌ಸ್ಟಿಕ್ ಬಾಣಲೆ ಕಾದರೆ ಅದರ ಹೊಗೆ ಹಕ್ಕಿಗೆ ವಿಷವೆಂದು ಕೇಳಿ ಬಾಣಲೆಯನ್ನೇ ಹೊರಗೆಸೆದಳು. ಬೆಳಿಗ್ಗೆ ತುಂತುರು ನೀರು ಚಿಮುಕಿಸಿದರೆ ರೆಕ್ಕೆ ಬಿಚ್ಚಿ ಕುಣಿಯುತ್ತಿತ್ತು. ಕತ್ತಲಾದೊಡನೆ ಪಂಜರಕ್ಕೆ ಬಟ್ಟೆ ಹೊದಿಸಿ, "ಮಲಗು ಬಂಗಾರ," ಎನ್ನುವಳು. ಮಗಳು ಹೋದ ಮೇಲೆ ಆ ಮಾತು ಅವಳ ಬಾಯಿಗೆ ಮರೆತೇ ಹೋಗಿತ್ತು.

ಆಮೇಲೆ ನಗು ನಿಂತಿತು. ಅಳು ಶುರುವಾಯಿತು.

ಅದು ಹಕ್ಕಿಯ ಕಿರುಚಾಟವಲ್ಲ. ಗಂಟಲಲ್ಲಿ ಸಿಕ್ಕಿಕೊಂಡ ಒಂದು ಬಿಕ್ಕು, ಉಸಿರೆಳೆದುಕೊಂಡು ಮತ್ತೊಂದು. ಯಾರಿಗೂ ಕೇಳಿಸಬಾರದೆಂದು ಒತ್ತಿ ಹಿಡಿದಂಥ ಸದ್ದು. ದಿನದಿಂದ ದಿನಕ್ಕೆ ಎದೆಯ ಪುಕ್ಕ ಉದುರಿ, ಕೆಳಗಿನ ನಸುಗೆಂಪು ಚರ್ಮ ಕಾಣತೊಡಗಿತು.

ಪಶುವೈದ್ಯೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು. ಕೊಕ್ಕು ಬಿಡಿಸಿ ನೋಡಿದಳು.

"ಕಾಯಿಲೆ ಏನೂ ಇಲ್ಲ. ಪುಕ್ಕ ತಾನೇ ಕಿತ್ಕೊಳ್ತಿದೆ. ಮನಸ್ಸಿಗೆ ನೆಮ್ಮದಿ ಇಲ್ಲ ಇದಕ್ಕೆ." ಕೈಗವಸು ಕಳಚುತ್ತಾ ಮೆಲ್ಲಗೆ ಕೇಳಿದಳು, "ನೀವಿಲ್ದಿರೋವಾಗ ಮನೇಲಿ ಏನು ನಡೆಯುತ್ತೆ?"

"ಏನಿಲ್ಲ. ನಮ್ಮ ಯಜಮಾನ್ರು ಇರ್ತಾರೆ."

"ಹಾಗಿದ್ರೆ ಅವರನ್ನ ಕೇಳಿ ನೋಡಿ."

ಗಂಡ ಲಿಫ್ಟ್ ರಿಪೇರಿ ಮಾಡುವವನು. ಬೆಳಗಿನ ಪಾಳಿ, ಮಧ್ಯಾಹ್ನಕ್ಕೆಲ್ಲ ಮನೆಯಲ್ಲಿರುತ್ತಿದ್ದ. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮುಗಿಸಿ ಬರುವಷ್ಟರಲ್ಲಿ ಸಂಜೆ. ನಡುವಿನ ಹೊತ್ತೆಲ್ಲ ಅವನು ಮತ್ತು ಹಕ್ಕಿ. ಕಲ್ಲಿನಂಥ ಮನುಷ್ಯ. ಮಗಳನ್ನು ಮಣ್ಣು ಮಾಡಿ ಬಂದ ಮರುದಿನವೇ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದ. ಅವಳು ಅದನ್ನು ಕ್ಷಮಿಸಿರಲಿಲ್ಲ.

ಆ ಸಂಜೆ ಅವನ ಬೆರಳಿಗೆ ಪಟ್ಟಿ ಸುತ್ತಿತ್ತು.

"ಕೈಗೇನಾಯ್ತು?"

"ಕಚ್ತು. ಬಾಯಿ ಮುಚ್ಚಿಸೋಕೆ ಹೋದೆ."

"ಪಾಪದ ಜೀವ. ಅದರ ಬಾಯಿ ಯಾಕ್ರೀ ಮುಚ್ಚಿಸ್ಬೇಕು?"

ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ. "ವಾಪಸ್ ಕೊಟ್ಬಿಡೋಣ ಅದನ್ನ. ಆ ಸದ್ದು ನನ್ ಕೈಲಿ ಕೇಳೋಕಾಗ್ತಿಲ್ಲ."

"ಅದು ಹೋದ್ರೆ ನಾನೂ ಹೋಗ್ತೀನಿ."

ಅವನು ಅರ್ಧ ಊಟಕ್ಕೇ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ನೀರು ಸುರಿದ ಸದ್ದಾದದ್ದೇ ತಡ, ಪಂಜರದೊಳಗೆ ಗಿಳಿ ಕತ್ತು ನಿಗುರಿಸಿತು. ಕಣ್ಣಾಲಿ ಹಿಗ್ಗಿತು, ಕುಗ್ಗಿತು. ಬಿಕ್ಕತೊಡಗಿತು.

ಅವಳು ಪಂಜರವನ್ನೂ ಬಚ್ಚಲ ಬಾಗಿಲನ್ನೂ ನೋಡಿದಳು. ನೀರು! ಇವನು ಹಕ್ಕಿಯನ್ನು ನೀರಲ್ಲಿ ಅದ್ದುತ್ತಿದ್ದಾನೆ.

ಮರುದಿನ ಬೆಳಿಗ್ಗೆ ಗಿಳಿ ಏನನ್ನೂ ಮುಟ್ಟಲಿಲ್ಲ. ಅವಳು ಪಂಜರದ ಸರಳುಗಳಿಗೆ ಹಣೆಯೊತ್ತಿ, "ಒಂದೇ ಒಂದು ತುತ್ತು, ಬಂಗಾರ. ನೀನೂ ನನ್ನ ಬಿಟ್ಟು ಹೋಗ್ಬೇಡ," ಎಂದು ಗೋಗರೆದಳು. ಆಸ್ಪತ್ರೆಯ ಮಂಚದ ಪಕ್ಕದಲ್ಲೂ ಹೀಗೇ ಗೋಗರೆದಿದ್ದಳು. ಮಗಳೂ ಬಾಯಿ ತೆರೆದಿರಲಿಲ್ಲ.

ಲಾಂಡ್ರಿಯಲ್ಲಿ ಕೈ ಓಡಲಿಲ್ಲ. ಯಾರದೋ ಬಿಳಿ ಅಂಗಿಯ ಬೆನ್ನು ಸುಟ್ಟು ಕಂದು ಬಣ್ಣಕ್ಕೆ ತಿರುಗಿದಾಗ ಇಸ್ತ್ರಿಪೆಟ್ಟಿಗೆ ಆರಿಸಿ, ಅಕ್ಕನಿಗೆ ಫೋನ್ ಮಾಡಿದಳು.

"ಬರ್ತಿದ್ದೀನಿ ಅಕ್ಕಾ. ನಾನು, ಹಕ್ಕಿ. ಇನ್ನು ಅಲ್ಲೇ ಇರ್ತೀವಿ."

"ಅವರು?"

"ಅವರ ಸುದ್ದಿ ಎತ್ಬೇಡ."

ಮಧ್ಯಾಹ್ನದ ಬಿಸಿಲಲ್ಲಿ ಓಡುತ್ತಲೇ ಮನೆ ಸೇರಿದಳು. ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟು, ಸದ್ದಾಗದಂತೆ ಬೀಗದ ಕೈ ತಿರುವಿದಳು. ಒಳಗೆ ನಲ್ಲಿ ಭೋರೆಂದು ಸುರಿಯುತ್ತಿತ್ತು. ಅದರ ಅಡಿಯಲ್ಲಿ, ಅದೇ ಬಿಕ್ಕು. ಒಂದರ ಹಿಂದೆ ಒಂದು, ಉಸಿರು ಕಟ್ಟಿಕೊಂಡು.

ಬಾಗಿಲ ಬಳಿ ಅವನ ಸಾಮಾನಿನ ಚೀಲವಿತ್ತು. ಕೈಗೆ ಸಿಕ್ಕಿದ ಸ್ಪ್ಯಾನರ್ ಹಿರಿದುಕೊಂಡಳು. ಏನು ಮಾಡಲು ಹೊರಟಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ. ಇನ್ನೊಂದು ಜೀವ ಅವಳ ಕೈ ತಪ್ಪಿ ಹೋಗಬಾರದು, ಅಷ್ಟೇ. ನಡುಮನೆ ದಾಟಿ ಬಚ್ಚಲಿನತ್ತ ಧಾವಿಸಿದವಳು ಅರ್ಧದಲ್ಲೇ ನಿಂತಳು.

ಪಂಜರದ ಬಾಗಿಲು ಭದ್ರವಾಗಿತ್ತು. ಗಿಳಿ ಒಳಗೇ ಇತ್ತು. ಮೈ ಒಣಗಿತ್ತು. ಕೊಕ್ಕು ಮುಚ್ಚಿತ್ತು. ಕತ್ತು ವಾಲಿಸಿ, ಬಚ್ಚಲ ಬಾಗಿಲಿನ ಕಡೆಗೆ ಮೈಯೆಲ್ಲ ಕಿವಿಯಾಗಿ ಕುಳಿತಿತ್ತು.

ಆ ಬಾಗಿಲಿನ ಆಚೆ, ನಲ್ಲಿಯನ್ನು ಪೂರ್ತಿ ಬಿಟ್ಟುಕೊಂಡು, ಅವಳ ಗಂಡ ಮಗಳನ್ನು ಕರೆದು ಕರೆದು ಅಳುತ್ತಿದ್ದ.