ಈಡಿಗಿಂತ ಮೊದಲು ಹೆಸರು

ಗೋವಿನಜೋಳದ ಸಾಲಿನೊಳಗೆ ಕಪ್ಪು ಬೆನ್ನೊಂದು ಅಲ್ಲಾಡಿತು. ವಾಣಿಶ್ರೀ ಕೋವಿಯನ್ನು ಹೆಗಲಿಗೆ ಏರಿಸಿದಳು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಹೊಲ ಹಾಳು ಮಾಡುವ ಹಂದಿ ಎಮ್ಮೆಯಷ್ಟಿದೆ ಎಂದು ತೊಗರ್ಸಿ ಊರಲ್ಲಿ ಹುಟ್ಟಿದ ಸುದ್ದಿ, ಅವಳ ಹೊಲ ಮುಟ್ಟುವಷ್ಟರಲ್ಲಿ ಆನೆಯಷ್ಟಾಗಿತ್ತು. ಈ ಬೆನ್ನು ಅಷ್ಟಿರಲಿಲ್ಲ. ಆದರೂ ಬೆರಳು ಟ್ರಿಗರಿನ ಕಡೆ ಹೊರಟಿತು.

ಕೋವಿ ಕಲಿಸುವಾಗ ಮಾವ ಬಂಗಾರಪ್ಪ ಪ್ರತಿ ಈಡಿಗೂ ಮೊದಲು "ಯಾರದು? ಹೆಸ್ರು ಹೇಳು!" ಎಂದು ಕೂಗಿಸುತ್ತಿದ್ದರು. ಗುರಿಗೆ ಇಟ್ಟಿದ್ದು ಒಡಕು ಮಡಕೆ.

"ಮಡಕೆ ಮಾತಾಡ್ತದಾ ಮಾವಾ? ಹಂದಿನಾದ್ರೂ ಹೆಸ್ರು ಹೇಳ್ತದಾ?" ಎಂದು ಅವಳು ನಗುತ್ತಿದ್ದಳು.

"ಹಂದಿ ಹೇಳಲ್ಲಮ್ಮ, ಓಡ್ತದೆ. ಓಡ್ಲಿ ಬಿಡು, ನಾಕು ತೆನೆ ಹೋಗ್ತದೆ. ಮನುಷ್ಯ ಆದ್ರೆ ಹೇಳ್ತಾನೆ."

ಈಗ ಬೆರಳಿಗಿಂತ ಮೊದಲು ಬಾಯಿ ಓಡಿತು. "ಯಾರದು? ಹೆಸ್ರು ಹೇಳು!"

ಕಪ್ಪು ಬೆನ್ನು ಎದ್ದು ನಿಂತು ಕಂಬಳಿಯಾಯಿತು. "ಅಕ್ಕಾ, ಮಾಳೇಶ! ಕುರಿ ಕಾಯೋ ಮಾಳೇಶ! ಮರಿ ತಪ್ಪಿಸ್ಕೊಂಡು ನುಗ್ಗಿತ್ತು, ಹೊಡೀಬ್ಯಾಡ!" ಕಂಕುಳಲ್ಲಿದ್ದ ಮರಿಯೂ ಜೊತೆಗೆ ಅರಚಿತು.

ವಾಣಿಶ್ರೀ ತೋಟಾ ತೆಗೆದು ಕೋವಿಯನ್ನು ಬದುವಿನ ಮೇಲಿಟ್ಟಳು. "ಇನ್ನೊಂದ್ಸಲ ಹೇಳೋ."

"ಏನಕ್ಕಾ?"

"ನಿನ್ನ ಹೆಸ್ರು."

"ಮಾಳೇಶ." ಅವನು ಒಣಗಿದ ತುಟಿ ಒರೆಸಿಕೊಂಡ. "ನಮ್ಮವ್ವ ಸುಮ್ನೆ ಇಟ್ಟಿಲ್ಲ ನೋಡಕ್ಕಾ."

ಅವಳು ಅಳುತ್ತಲೇ ನಕ್ಕು, ಮಾವ ಇನ್ನೂ ನಿದ್ದೆಯಲ್ಲಿದ್ದ ಮನೆಯ ಕಡೆ ತಿರುಗಿ ಕೈ ಮುಗಿದಳು.